ಮೂರು ಚುಕ್ಕಿಯ ಬ್ಲಾಕು

ಹೋದ ತಿಂಗಳು ಚಿಂತಾಮಣಿಯ ಒಂದು ಗುಜರಿಯಲ್ಲಿ ಟ್ರೈಲರಿಗೆ ಆಕ್ಸಲ್ ಹುಡುಕುತ್ತಿದ್ದೆ. ಬಗ್ಗಿ ಬಗ್ಗಿ ಸೊಂಟ ಹಿಡಿದು, ಗೋಡೆಗೆ ಒರಗಿಸಿಟ್ಟಿದ್ದ ಹಳೇ ಡೀಸೆಲ್ ಇಂಜಿನ್ನಿನ ಬ್ಲಾಕೊಂದರ ಮೇಲೆ ಕೈ ಊರಿದೆ. ಬೆರಳಿಗೆ ಏನೋ ತಾಕಿತು. ಬೂದು ಬಣ್ಣ ಚಕ್ಕೆ ಎದ್ದಿದ್ದ ಕಡೆ ಒಂದು ಗೀಟು, ಅದರ ಕೆಳಗೆ ಮೂರು ಚುಕ್ಕಿ. ಉಳಿಯಿಂದ ಹೊಡೆದ ಗುರುತು. ಹೊಡೆದವನು ನಾನೇ.

ಬಿಸಿ ಇಂಜಿನ್ನಿನ ಮೇಲೆ ಹೊಸ ಬಣ್ಣ ಸುಡುವ ವಾಸನೆ ಅಲ್ಲೇ ಮೂಗಿಗೆ ಬಡಿದ ಹಾಗಾಯಿತು. ಅದರ ಹಿಂದೆಯೇ ಆ ಇಂಜಿನ್ ಕಟ್ಟಿದ ಮೇಸ್ತ್ರಿ ನೆನಪಿಗೆ ಬಂದರು...

ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಮಂಡಿಕಲ್ ಕಡೆಯ ನಮ್ಮೂರಿಂದ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಜನರ ರೇಷ್ಮೆಗೂಡು ಸಾಗಿಸುವುದು ನನ್ನ ಕೆಲಸವಾಗಿತ್ತು. ಗೂಡು ಹರಾಜಿನ ಹೊತ್ತಿಗೆ ಮುಟ್ಟಬೇಕು. ತಡವಾಗಿ ಮೂಟೆಯೊಳಗೇ ಬೆಂದರೆ ಬೆಳೆದವರ ಇಡೀ ಬೆಳೆ ಹೋದಂತೆ. ‘ಅವನ ಜೀಪಿಗೆ ಹಾಕು, ಹೊತ್ತಿಗೆ ಮುಟ್ಟುತ್ತೆ’ ಎಂದು ಊರವರು ಆಡುತ್ತಿದ್ದ ಮಾತೇ ನನ್ನ ಆಸ್ತಿ. ಆದರೆ ಜೀಪು ಪೆಟ್ರೋಲಿನದು. ನಾನು ದುಡಿದದ್ದನ್ನೆಲ್ಲ ಅದೇ ಕುಡಿಯುತ್ತಿತ್ತು. ಅದಕ್ಕೆ ಹಳೇ ಡೀಸೆಲ್ ಇಂಜಿನ್ ಕೂರಿಸಬೇಕು ಅಂದಾಗ, ಕೇಳಿದವರೆಲ್ಲ ಚಿಂತಾಮಣಿಯ ಆ ಮೇಸ್ತ್ರಿಯ ಶೆಡ್ಡನ್ನೇ ತೋರಿಸಿದರು.

ಅವರ ಮನೆಮಾತು ತೆಲುಗು. ಹಚ್ಚದ ಬೀಡಿಯೊಂದು ಯಾವಾಗಲೂ ತುಟಿಯಲ್ಲಿರುತ್ತಿತ್ತು. ಮೊದಲ ದಿನವೇ ನನ್ನನ್ನು ‘ತಮ್ಮುಡು’ ಅಂದರು. ತಮ್ಮ ಅಂತ. ನನಗೆ ಒಡಹುಟ್ಟಿದ ಅಣ್ಣ ಇರಲಿಲ್ಲ. ಆ ಮಾತು ಎಷ್ಟು ಹಿತವಾಗಿತ್ತೆಂದರೆ, ಅವರು ಎಲ್ಲರನ್ನೂ ಹಾಗೇ ಕರೆಯುತ್ತಾರೋ ಏನೋ ಎಂದು ನೋಡಲು ಕೂಡ ಹೋಗಲಿಲ್ಲ.

ಇಂಜಿನ್ ಹುಡುಕಿಕೊಂಡು ಇಬ್ಬರೂ ಊರೂರು ತಿರುಗಿದೆವು. ನನಗೆ ಟ್ರ್ಯಾಕ್ಟರ್ ಇಂಜಿನ್ನಿನ ಮೇಲೆ ಆಸೆ, ಬಲ ಜಾಸ್ತಿ ಅಂತ. ಅವರು ನಕ್ಕುಬಿಟ್ಟರು.

“ಇದನ್ನ ಜೀಪಿಗೆ ಹಾಕ್ತೀಯೋ, ಜೀಪನ್ನ ಇದಕ್ಕೆ ಹಾಕ್ತೀಯೋ? ಮುಂದಿನ ಸ್ಪ್ರಿಂಗ್ ಪಟ್ಟಿ ಕುಸ್ದು ರೋಡೆಲ್ಲ ಉಳ್ಕೊಂಡು ಹೋಗ್ತೀಯ ತಮ್ಮುಡು.”

ಹೊಸ ಕಾಲದ ಇಂಜಿನ್ನೂ ಬೇಡವೆಂದರು. ವೈರು ಹೆಚ್ಚಾದಷ್ಟೂ ದಾರಿಯಲ್ಲಿ ನಿಲ್ಲುವುದು ಹೆಚ್ಚು, ನಿಂತರೆ ಕೈಯಲ್ಲಿರುವ ಸ್ಪಾನರಿನಲ್ಲೇ ಬಿಚ್ಚಿ ಸರಿಮಾಡುವಂಥದ್ದು ಇರಬೇಕು ಅನ್ನುವುದು ಅವರ ಲೆಕ್ಕ. ಕೊನೆಗೆ ಗೌರಿಬಿದನೂರಿನಲ್ಲಿ ಹಳೇ ವ್ಯಾನೊಂದರಿಂದ ಇಳಿಸಿಟ್ಟ ಇಂಜಿನ್ ಸಿಕ್ಕಿತು. ನೋಡಲು ಮಣ್ಣಿನ ಹೆಂಟೆಯ ಹಾಗಿತ್ತು. ಮೇಸ್ತ್ರಿ ಸ್ಪಾನರ್ ನನ್ನ ಕೈಗೆ ಕೊಟ್ಟು, ತಟ್ಟಿ ಕೇಳು ಅಂದರು. ಬಿರುಕು ಬಿಟ್ಟ ಬ್ಲಾಕು ಒಡೆದ ಮಡಕೆಯ ಹಾಗೆ ಮಾತಾಡುತ್ತದಂತೆ. ತಟ್ಟಿದೆ. ಟಣ್ ಅಂದಿತು. ಬಿರುಕಿಲ್ಲ ಅಂದರು ಮೇಸ್ತ್ರಿ, ನಾನು ದುಡ್ಡು ಎಣಿಸಿಕೊಟ್ಟೆ.

ಅದನ್ನು ಬಿಚ್ಚಿ ಒಂದೊಂದು ನಟ್ಟನ್ನೂ ಡೀಸೆಲಿನಲ್ಲಿ ತೊಳೆದವನು ನಾನು. ಸಿಲಿಂಡರಿಗೆ ಬೋರು ಹೊಡೆಸಿ, ಹೊಸ ಪಿಸ್ಟನ್ನು ರಿಂಗು ಹಾಕಿ ಕಟ್ಟಿದವರು ಅವರು. ಜೀಪಿನ ಗೇರ್‌ಬಾಕ್ಸಿಗೂ ಈ ಇಂಜಿನ್ನಿಗೂ ಹೊಂದುತ್ತಿರಲಿಲ್ಲ. ನಡುವೆ ಕೂರಿಸಲು ಒಂದು ದಪ್ಪ ಕಬ್ಬಿಣದ ತಟ್ಟೆಯನ್ನು ಲೇತಿನಲ್ಲಿ ಎರಡು ಸಲ ಮಾಡಿಸಿ, ಎರಡನ್ನೂ ಎಸೆದು, ಮೂರನೆಯದನ್ನು ಒಪ್ಪಿದರು. ಅಷ್ಟು ಹಟದ ಕೆಲಸಗಾರರು. ಅದನ್ನು ಇವತ್ತೂ ಇಲ್ಲ ಅನ್ನಲಾರೆ.

ಆಗಲೇ ಬ್ಲಾಕಿನ ಮೇಲೆ ಗುರುತು ಹೊಡೆದದ್ದು. ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು ಊರಲ್ಲಿ ಮನೆಯಿಂದ ಮನೆಗೆ ಹೋಗುತ್ತವಾದ್ದರಿಂದ ಒಂದೊಂದು ಮನೆಗೂ ಒಂದೊಂದು ಗುರುತು. ನಮ್ಮಮ್ಮನದು ಒಂದು ಗೀಟು, ಮೂರು ಚುಕ್ಕಿ. ಮೇಸ್ತ್ರಿ ನೋಡಿ, ಹುಳದ ಮನೆಯವನ ಬುದ್ಧಿ ಎಲ್ಲಿ ಹೋಗುತ್ತೆ ಎಂದು ರೇಗಿಸಿದರು. ಅವತ್ತೇ ಸಂಜೆ ಮರದ ಚೌಕಟ್ಟಿನ ಮೇಲೆ ಇಂಜಿನ್ನನ್ನು ಓಡಿಸಿ, ಅದರ ಮೇಲೆ ಟೀ ಲೋಟ ಇಟ್ಟರು. ಟೀ ನಡುಗಿತು, ಚೆಲ್ಲಲಿಲ್ಲ.

ಅಷ್ಟರಲ್ಲಿ ನಮ್ಮ ಮನೆಯಲ್ಲಿ ಹುಳ ಹಣ್ಣಾಗಿ ಗೂಡು ಕಟ್ಟಲು ಬಂತು. ಹುಳಕ್ಕೆ ಡೀಸೆಲ್ ವಾಸನೆ ವಿಷ. ಅಮ್ಮ ನಾನು ಸ್ನಾನ ಮಾಡಿ ಬಂದರೂ ಬಾಗಿಲಲ್ಲೇ ನಿಲ್ಲಿಸಿ ಉಗುರು ಮೂಸಿ ನೋಡುತ್ತಿದ್ದಳು. ಗೂಡು ಬಿಡಿಸುವವರೆಗೆ ಶೆಡ್ಡಿನ ಕಡೆ ತಲೆ ಹಾಕುವ ಹಾಗಿಲ್ಲ ಎಂದು ಮೇಸ್ತ್ರಿಗೆ ಹೇಳಿದೆ.

“ಹೋಗ್ಬಾ ತಮ್ಮುಡು, ಹುಳ ಮುಖ್ಯ,” ಅಂದರು. “ಇಂಜಿನ್ ಎಲ್ಲಿಗೆ ಹೋಗುತ್ತೆ?”

ತಿರುಗಿ ಬಂದಾಗ ಇಂಜಿನ್ ಜೀಪಿನೊಳಗೆ ಕೂತಿತ್ತು, ಮೈತುಂಬ ಬೂದು ಬಣ್ಣ ಹೊಡೆಸಿಕೊಂಡು. ಗುರುತಿದ್ದ ಜಾಗಕ್ಕೆ ಬೆರಳಾಡಿಸಿದೆ. ನುಣ್ಣಗಿತ್ತು. ಬಣ್ಣ ದಪ್ಪವಾಗಿ ಬಿದ್ದು ಮುಚ್ಚಿಹೋಗಿದೆ ಅಂದುಕೊಂಡೆ. ಉಗುರಿನಲ್ಲಿ ಕೆರೆದು ನೋಡಬಹುದಿತ್ತು. ಆದರೆ ಅಣ್ಣನೆಂದ ಮೇಲೆ ಅವರ ಕಣ್ಣೆದುರಿಗೆ ಕೆರೆದು ನೋಡುವುದೇ? ಕೈ ಹಿಂದಕ್ಕೆ ತೆಗೆದುಕೊಂಡೆ. ಸ್ಟಾರ್ಟ್ ಮಾಡಿದಾಗ ಬಣ್ಣ ಸುಡುವ ವಾಸನೆ ಬಂತು. ದನಿಯೂ ಬೇರೆ ಅನ್ನಿಸಿತು. ಕೇಳಿದೆ.

“ಇಂಜಿನ್ ಇನ್ನೂ ಕೂರ್ಬೇಕು ತಮ್ಮುಡು. ಹೊಸಾ ರಿಂಗು. ಓಡ್ತಾ ಓಡ್ತಾ ಕೂತ್ಕೊಳುತ್ತೆ.”

ಹೊಗೆ ನಿಲ್ಲಲಿಲ್ಲ. ರೇಡಿಯೇಟರಿನ ನೀರು ಎಲ್ಲಿ ಹೋಗುತ್ತಿದೆಯೋ ತಿಳಿಯುತ್ತಿರಲಿಲ್ಲ. ಹೋಗಿ ಹೇಳಿದಾಗಲೆಲ್ಲ, ಕೂರಲಿ ತಾಳು ಅನ್ನುತ್ತಿದ್ದರು. ನಾನೂ ಕೂರಲಿ ಎಂದು ಕಾದೆ...

ಒಂದು ದಿನ ಊರವರ ಗೂಡು ತುಂಬಿಕೊಂಡು ಹೋಗುತ್ತಿದ್ದವನು ಚಿಕ್ಕಬಳ್ಳಾಪುರ ದಾಟಿದ ಮೇಲೆ, ಶಿಡ್ಲಘಟ್ಟದ ರಸ್ತೆಯಲ್ಲಿ, ಭುಸ್ಸೆಂದು ಹಬೆ ಎದ್ದು ನಿಂತುಬಿಟ್ಟೆ. ನೆರಳಿಲ್ಲದ ಜಾಗ. ಬೇರೆ ಗಾಡಿ ಹಿಡಿದು ಮಾರ್ಕೆಟ್ ಮುಟ್ಟುವಷ್ಟರಲ್ಲಿ ಹರಾಜು ಮುಗಿದಿತ್ತು. ಗೂಡಿನ ಜೊತೆ ಬಂದಿದ್ದ ಪಕ್ಕದ ಮನೆಯ ಅಜ್ಜಿ ತನ್ನ ಮೂಟೆಯೊಳಗೆ ಕೈ ಹಾಕಿ, ಮೆತ್ತಗಾದ ಗೂಡೊಂದನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿತು. ಒಂದು ಮಾತು ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ. ಗೂಡನ್ನು ತಿರುಗಿ ಮೂಟೆಗೆ ಹಾಕಿತು. ಮುಂದಿನ ಬೆಳೆಗೆ ಅಜ್ಜಿಯ ಗೂಡು ಬೇರೆಯವರ ಗಾಡಿಯಲ್ಲಿ ಹೋಯಿತು. ಅದರ ಹಿಂದೆ ಊರಿನದೆಲ್ಲ ಹೋಯಿತು.

ಶಿಡ್ಲಘಟ್ಟದ ಮೆಕ್ಯಾನಿಕ್ಕೊಬ್ಬರು ಇಂಜಿನ್ ಬಿಚ್ಚಿ, ಬಣ್ಣದಡಿಯಲ್ಲಿ ಬ್ಲಾಕಿನ ಉದ್ದಕ್ಕೂ ಹರಿದಿದ್ದ ವೆಲ್ಡಿಂಗ್ ಗೆರೆ ತೋರಿಸಿದರು. ನಾನು ಬಣ್ಣವನ್ನೆಲ್ಲ ಕೆರೆದೆ. ಗೀಟಿಲ್ಲ, ಚುಕ್ಕಿಯಿಲ್ಲ. ಸ್ಪಾನರಿನಿಂದ ತಟ್ಟಿದೆ. ಒಡೆದ ಮಡಕೆ.

ಅಲ್ಲಿಂದ ನೇರ ಚಿಂತಾಮಣಿಗೆ ಹೋದೆ. ಮೇಸ್ತ್ರಿ ಕೆಳಗೆ ಕೂತು ಏನೋ ಉಜ್ಜುತ್ತಿದ್ದರು.

“ನನ್ನ ಇಂಜಿನ್ ಎಲ್ಲಣ್ಣ?”

ಅವರು ತುಟಿಯ ಬೀಡಿ ತೆಗೆದು ಕಿವಿಗೆ ಸಿಕ್ಕಿಸಿಕೊಂಡರು. ಸುಳ್ಳು ಹೇಳಲಿಲ್ಲ. ಅವರ ಅಕ್ಕನ ಗಂಡನೂ ಬ್ಲಾಕು ಒಡೆದ ಇಂಜಿನ್ನಿನ ಜೀಪೊಂದನ್ನು ತಂದು ನಿಲ್ಲಿಸಿದ್ದನಂತೆ. ಓಡುತ್ತಿದ್ದ ನನ್ನ ಇಂಜಿನ್ ನೋಡಿ, ಇದನ್ನೇ ಹಾಕು, ಇಲ್ಲದಿದ್ದರೆ ನಿಮ್ಮಕ್ಕನನ್ನು ತಂದು ಇಲ್ಲೇ ಬಿಟ್ಟುಹೋಗುತ್ತೇನೆ ಅಂದನಂತೆ.

“ನಂಗೊಂದು ಮಾತು ಹೇಳ್ಬೋದಿತ್ತಲ್ಲ.”

“ಬಾವನ ಹತ್ರ ಆಗಲ್ಲ ಅನ್ನಕ್ಕಾಗಲ್ಲ ಕಣಪ್ಪ. ನೀನಾದ್ರೆ ತಮ್ಮುಡು. ತಡ್ಕೋತೀಯ ಅಂದ್ಕೊಂಡೆ.”

ಬೇರೆ ಇಂಜಿನ್ ಕಟ್ಟಿಕೊಡುತ್ತೇನೆ ಅಂದರು. ಬೇಡ ಅಂದೆ. ಅವರು ಮೊದಲೇ ನನ್ನನ್ನು ಕೇಳಿದ್ದರೆ ಕೊಟ್ಟೇಬಿಡುತ್ತಿದ್ದೆನೇನೋ. ಇನ್ನೊಂದು ಹುಡುಕೋಣ ಬಾರಣ್ಣ ಎಂದು ಮತ್ತೆ ಅವರ ಜೊತೆ ಗುಜರಿ ತಿರುಗುತ್ತಿದ್ದೆನೇನೋ. ಹೊರಗಿನವನಾಗಿದ್ದರೆ ನನಗೆ ಹೆದರುತ್ತಿದ್ದರು, ಮೋಸ ಮಾಡುತ್ತಿರಲಿಲ್ಲ. ತಮ್ಮ ಅಂದದ್ದಕ್ಕೇ ಮಾಡಿದರು. ನನಗೆ ತಡೆದುಕೊಳ್ಳಲು ಆಗದೇ ಇರುವುದು ಅದೊಂದೇ.

ಜೀಪನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಮನೆಗೆ ಬಂದೆ. ಬೇರೆಯವರ ಗಾಡಿಗಳಿಗೆ ಡ್ರೈವರಾಗಿ ದುಡಿದೆ. ಯಾರ ಮುಂದೆಯೂ ಕೈಚಾಚದೆ ಮತ್ತೆ ಸ್ವಂತ ಗಾಡಿ ಕಂಡೆ. ಮೇಸ್ತ್ರಿ ತೀರಿಕೊಂಡ ಸುದ್ದಿ ಬಂದ ದಿನ ಬಟ್ಟೆ ಹಾಕಿಕೊಂಡು ಹೊರಟು, ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ವಾಪಸ್ ಬಂದೆ. ಅವರ ಶೆಡ್ಡಿದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿಯಿದೆ.

ಗುಜರಿಯಲ್ಲಿ ಜೇಬಿನಿಂದ ಸ್ಪಾನರ್ ತೆಗೆದು ಆ ಬ್ಲಾಕನ್ನು ತಟ್ಟಿದೆ. ಟಣ್ ಅಂದಿತು. ಯಾರಿಗೋ ಅಷ್ಟು ವರ್ಷ ದುಡಿದು ಸವೆದಿದ್ದರೂ ಒಡೆದಿರಲಿಲ್ಲ.

“ಒಳ್ಳೇ ಮಾಲು ಅಣ್ಣ,” ಅಂದ ಗುಜರಿಯವನು. “ಯಾರೋ ಗುರುತು ಬೇರೆ ಹೊಡ್ದವ್ರೆ ನೋಡಿ. ಯಾರ್ದೋ ಏನೋ.”

“ಯಾರೋ ತಮ್ಮದು ಅಂದ್ಕೊಂಡಿದ್ದೋರು,” ಅಂದೆ.

ಆಕ್ಸಲ್ ಎತ್ತಿಕೊಂಡು ಹೊರಗೆ ಬಂದೆ. ಬ್ಲಾಕು ಅಲ್ಲೇ ಇತ್ತು, ಗೋಡೆಗೆ ಒರಗಿಕೊಂಡು...