ಗೇಟ್‌ವಾಲ್ವಿನ ಬಳಿ ನಿಂತವನು

ಹುಕ್ರಪ್ಪನನ್ನು ನಾನು ಮೊದಲು ನೋಡಿದ್ದು 1996ರಲ್ಲಿ, ಗುರುವಾಯನಕೆರೆಯ ಒಂದು ತರಬೇತಿ ಕೇಂದ್ರದ ಜಗಲಿಯಲ್ಲಿ. ಗೋಬರ್ ಗ್ಯಾಸ್ ಸ್ಥಾವರ ಕಟ್ಟುವ ಕೆಲಸ ಕಲಿಸುತ್ತೇವೆ, ಜಾತಿ, ಮತ, ಓದು ಯಾವುದನ್ನೂ ಕೇಳುವುದಿಲ್ಲ ಎಂದು ಬಸ್‌ಸ್ಟ್ಯಾಂಡುಗಳಲ್ಲಿ ಕಾಗದ ಅಂಟಿಸಿದ್ದರು. ನಾನು ನರಿಕೊಂಬಿನಿಂದ ಹೋಗಿದ್ದೆ, ಪಿಯುಸಿ ಫೇಲಾಗಿ, ಗಲ್ಫಿನ ವೀಸಾವೂ ಸಿಗದೆ ಕೂತಿದ್ದವನು. ಹುಕ್ರಪ್ಪ ವೇಣೂರಿನ ಹತ್ತಿರದ ಪರಿಶಿಷ್ಟ ಜಾತಿಯವರ ಕಾಲೊನಿಯವನು. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಕೋರೆಯಲ್ಲಿ ಕೆಂಪುಕಲ್ಲು ಹೊರುತ್ತಿದ್ದ. ಮೂರನೆಯವನು ಬಂಟ್ವಾಳದ ಲತೇಶ, ಜಮೀನಿದ್ದ ಮನೆಯ ಕಿರಿಮಗ, ತಮಾಷೆಯ ಮನುಷ್ಯ. ನಮ್ಮ ಮೂವರನ್ನು ಒಂದು ತಂಡ ಮಾಡಿದರು.

ಮೊದಲ ದಿನ ನಿರ್ದೇಶಕರು ಚೆನ್ನಾಗಿ ಮಾತಾಡಿದರು. ಕಾಡು ಉಳಿಯಬೇಕು, ಹೊಗೆ ಕಡಿಮೆಯಾಗಬೇಕು, ಮುಂದೆ ಜಗತ್ತಿಗೆ ಬೇಕಾಗುವ ಉದ್ಯೋಗಗಳು ಇಂಥವೇ, ಅವುಗಳ ಬಾಗಿಲು ಎಲ್ಲರಿಗೂ ತೆರೆದಿರಬೇಕು ಎಂದರು. ಅಂದು ಸಂಜೆ ಬಸ್ಸಿಗೆ ಕಾಯುವಾಗ ಹುಕ್ರಪ್ಪ ನನಗೆ ಹೇಳಿದ:

"ಕಲ್ಲು ಹೊತ್ತರೆ ಕೂಲಿಯವ ಅಂತಾರೆ, ಶುಕೂರ್. ಇದು ಕಲಿತರೆ ಗ್ಯಾಸಿನವ ಅಂತಾರೆ. ಮನೆಯೊಳಗೆ ಕರೀತಾರೆ."

ಅವನಿಗೆ ಬೇಕಿದ್ದದ್ದು ಅಷ್ಟೇ. ಹನ್ನೊಂದು ವರ್ಷ ನಾನು ಅವನನ್ನು ಬಲ್ಲೆ. ಬೇರೆ ಏನನ್ನೂ ಅವನು ಅಷ್ಟು ಆಸೆಯಿಂದ ಕೇಳಿದ್ದಿಲ್ಲ.

ಆ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ನೆಲ ಅಗೆದು, ಒಳಗೆ ಇಟ್ಟಿಗೆಯ ಗುಮ್ಮಟ ಕಟ್ಟಬೇಕು. ಒಂದು ಕಡೆಯಿಂದ ಸೆಗಣಿನೀರು ಒಳಗೆ ಹೋಗುತ್ತದೆ, ಇನ್ನೊಂದು ಕಡೆಯ ತೊಟ್ಟಿಗೆ ಗೊಬ್ಬರವಾಗಿ ಹೊರಬರುತ್ತದೆ. ಗುಮ್ಮಟದ ತುದಿಯಿಂದ ಅನಿಲದ ಪೈಪು ಅಡಿಗೆಮನೆಗೆ. ಗುಮ್ಮಟದ ಪಕ್ಕದಲ್ಲಿ ಒಂದು ಗೇಟ್‌ವಾಲ್ವ್. ಮೊದಲ ಸಲ ಒಲೆ ಹಚ್ಚುವ ದಿನ ಇಬ್ಬರು ಬೇಕು, ಒಬ್ಬ ಹೊರಗೆ ವಾಲ್ವಿನ ಬಳಿ, ಇನ್ನೊಬ್ಬ ಒಳಗೆ ಒಲೆಯ ಮುಂದೆ. ಒಳಗಿನವ "ಬಿಡು" ಎಂದು ಕೂಗಿದಾಗ ಹೊರಗಿನವ ವಾಲ್ವ್ ತಿರುಗಿಸುತ್ತಾನೆ. ಆಮೇಲೆ ಮನೆಯೊಡತಿ ಆ ಬೆಂಕಿಯಲ್ಲಿ ಹಾಲು ಉಕ್ಕಿಸುತ್ತಾಳೆ. ಒಲೆ ಹಚ್ಚಿದವನಿಗೆ ತೆಂಗಿನಕಾಯಿ, ವೀಳ್ಯ, ಹೆಗಲಿಗೊಂದು ಹೊಸ ಬೈರಾಸು ಕೊಡುತ್ತಾರೆ. ಇದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ, ಎಲ್ಲ ಮನೆಗಳಲ್ಲೂ ತಾನಾಗಿ ನಡೆದುಬಂತು.

ನಮ್ಮ ತಂಡದ ಮೊದಲ ಸ್ಥಾವರ ವೇಣೂರಿನ ಸ್ವರ್ಣಲತಾ ಎಂಬವರ ಮನೆಯಲ್ಲಿ. ಗುಮ್ಮಟ ಪೂರ್ತಿ ಹುಕ್ರಪ್ಪನದೇ ಕೈಕೆಲಸ. ನಾನು ಗಾರೆ ಕಲಸಿದೆ, ಲತೇಶ ಪೈಪು ಹಾಕಿದ. ಹಚ್ಚುವ ದಿನ ಹುಕ್ರಪ್ಪ ಕೈಕಾಲು ತೊಳೆದು, ಒಲೆಯನ್ನು ಎತ್ತಿಕೊಂಡು ಹಿಂಬಾಗಿಲಿನ ಮೆಟ್ಟಿಲವರೆಗೆ ಹೋದ. ಸ್ವರ್ಣಲತಕ್ಕ ಬಾಗಿಲಲ್ಲಿ ನಿಂತಿದ್ದರು. ಅವರು ಸಿಟ್ಟು ಮಾಡಲಿಲ್ಲ, ಮೆಲ್ಲನೆ ಹೇಳಿದರು.

"ನೀನು ಅಲ್ಲೇ ಇರು ಹುಕ್ರ. ಒಳಗೆ ಲತೇಶ ಮಾಡ್ಲಿ. ದೇವರಿಗೆ ಇಡುವ ಅಡಿಗೆ ಆಗುವ ಜಾಗ ಅಲ್ವಾ?"

ಹುಕ್ರಪ್ಪ ಒಲೆಯನ್ನು ಮೆಟ್ಟಿಲ ಮೇಲಿಟ್ಟು ವಾಲ್ವಿನ ಬಳಿಗೆ ಹೋದ. ಹಾಲು ಉಕ್ಕಿತು. ಅವನಿಗೂ ಕಾಫಿ ಬಂತು, ಕುಡಿದ ಲೋಟವನ್ನು ಅವನೇ ತೊಳೆದು ಕಟ್ಟೆಯ ಮೇಲೆ ಕವುಚಿ ಇಟ್ಟ. ವಾಪಸು ಬರುವಾಗ ಲತೇಶ ಬೈರಾಸನ್ನು ಅವನ ಹೆಗಲಿಗೆ ಹಾಕಿ, "ಗ್ಯಾಸ್ ನಿಂದು, ಬೆಂಕಿ ಮಾತ್ರ ನಂದು ಮಾರಾಯ" ಎಂದ. ಹುಕ್ರಪ್ಪ ನಕ್ಕ. ಬೈರಾಸನ್ನು ಮಡಚಿ ವಾಪಸು ಕೊಟ್ಟ.

ನಾನು ನಿರ್ದೇಶಕರಿಗೆ ದೂರು ಹೇಳಿದೆ. ಅವರು ಕೆಟ್ಟವರಲ್ಲ. ಮೊದಲು ಸ್ಥಾವರಗಳು ಆಗಲಿ, ಮನಸ್ಸು ನಿಧಾನಕ್ಕೆ ಬದಲಾಗುತ್ತದೆ, ಈಗ ಜಗಳ ತೆಗೆದರೆ ಯಾರೂ ಕಟ್ಟಿಸುವುದಿಲ್ಲ ಎಂದರು. ಸ್ಥಾವರಗಳು ಆದವು. ವೇಣೂರು, ಬೆಳ್ತಂಗಡಿ, ಮೂಡುಬಿದಿರೆಯ ಸುತ್ತ ನಾವು ಕೆಲಸ ಮಾಡಿದ ಒಂದೊಂದು ಮನೆಯಲ್ಲೂ ಹುಕ್ರಪ್ಪ ಹೊರಗೆ ನಿಂತು "ಬಿಡು" ಎಂಬ ಕೂಗಿಗೆ ಕಾದ. ಕೇಂದ್ರದ ಒಲೆಯನ್ನು ಅವನು ಎಷ್ಟೋ ಸಲ ಹಚ್ಚಿದ್ದಾನೆ. ತಾನು ಕಟ್ಟಿದ ಗುಮ್ಮಟದ ಬೆಂಕಿಯನ್ನು ಮಾತ್ರ ಒಮ್ಮೆಯೂ ನೋಡಿರಲಿಲ್ಲ. ಅವನ ಮನೆಯಲ್ಲಿ ದನವಿಲ್ಲ, ದನ ಕಟ್ಟುವ ಜಾಗವೂ ಇಲ್ಲ. ಹೆಂಡತಿ ವಿನೋದಾ ಸೌದೆಯ ಹೊಗೆಯಲ್ಲೇ ಬೇಯಿಸುತ್ತಿದ್ದಳು.

ನಮ್ಮವರ ಮನೆಯಲ್ಲಾದರೂ ಅವನು ಹಚ್ಚಲಿ ಎಂದು ನರಿಕೊಂಬಿನ ನನ್ನ ಚಿಕ್ಕಮ್ಮ ರುಖಿಯಮ್ಮನನ್ನು ಒಪ್ಪಿಸಿ ಒಂದು ಸ್ಥಾವರ ಕಟ್ಟಿಸಿದೆ. ಗಂಡಸರೆಲ್ಲ ಗಲ್ಫಿನ ದಮ್ಮಾಮಿನಲ್ಲಿದ್ದ ಮನೆ ಅದು. ಹುಕ್ರಪ್ಪನನ್ನೂ ಲತೇಶನನ್ನೂ ಅವರು ಜಗಲಿಯಲ್ಲಿ ಕೂರಿಸಿ ತುಪ್ಪದನ್ನ ಬಡಿಸಿದರು. ಅಡಿಗೆಮನೆಯಲ್ಲಿ ಸೊಸೆಯಂದಿರಿದ್ದಾರೆ, ಪರಗಂಡಸರು ಅಲ್ಲಿಗೆ ಬರುವಂತಿಲ್ಲ ಎಂದರು. ಮತ್ತೆ ಬೆಂಕಿಪೆಟ್ಟಿಗೆ ತಗೊಂಡು ಎದ್ದು, "ಒಲೆ ಹಚ್ಚಲಿಕ್ಕೆ ನನಗೂ ಟ್ರೈನಿಂಗ್ ಬೇಕಾ?" ಎಂದು ಕೇಳಿದರು. ಆ ದಿನ ನಾವು ಮೂವರೂ ಹೊರಗೇ ನಿಂತು ನಕ್ಕೆವು. ಹುಕ್ರಪ್ಪ ಅತಿ ಹೆಚ್ಚು ನಕ್ಕದ್ದನ್ನು ನಾನು ನೋಡಿದ್ದು ಅಂದೇ.

ಮೊದಲ ಸಲ ಒಲೆ ಹಚ್ಚಿದವನ ಹೆಸರು ಮನೆಯವರಿಗೆ ನೆನಪಿರುತ್ತದೆ. ಉರಿ ಕಡಿಮೆಯಾದರೆ, ಪೈಪಿನಲ್ಲಿ ನೀರು ನಿಂತರೆ, ಎಲ್ಲರೂ ಲತೇಶನಿಗೇ ಹೇಳಿಕಳಿಸಿದರು. ಅವನು ಮನೆಗೆ ಫೋನ್ ಹಾಕಿಸಿದ, ಬೈಕ್ ತಗೊಂಡ. ಹುಕ್ರಪ್ಪನನ್ನು ಹಿಂದೆ ಕೂರಿಸಿಕೊಂಡೇ ಹೋಗುತ್ತಿದ್ದ, ಕೂಲಿಯನ್ನೂ ಸರಿಯಾಗಿ ಕೊಡುತ್ತಿದ್ದ. ಆದರೆ ಅದು ಕೂಲಿಯೇ. ನಾನು ಆ ಕೆಲಸ ಬಿಟ್ಟು ಮೂಡುಬಿದಿರೆಯಲ್ಲಿ ಪುಸ್ತಕ, ಪೆನ್ನಿನ ಅಂಗಡಿ ಹಾಕಿದೆ. 2003ರಲ್ಲಿ ಲತೇಶ ಬಹರೈನಿಗೆ ಹೋಟೆಲ್ ಕೆಲಸಕ್ಕೆ ಹೋದ. ಇನ್ನಾದರೂ ಕರೆ ತನಗೆ ಬರುತ್ತದೆ ಎಂದು ಹುಕ್ರಪ್ಪ ಕಾದ.

ಅಷ್ಟರಲ್ಲಿ ಸಿಲಿಂಡರು ಸುಲಭವಾಗಿ ಸಿಗತೊಡಗಿತ್ತು. ಹೊಸ ಸ್ಥಾವರ ಕಟ್ಟಿಸುವವರು ಕಡಿಮೆಯಾದರು. ಹಳೆಯವುಗಳಲ್ಲಿ ಹೂಳು ಕಟ್ಟಿಕೊಂಡಿತು. ಮೂಡುಬಿದಿರೆಯಲ್ಲಿ ಒಂದು ಸಂಸ್ಥೆ ದುರಸ್ತಿಯ ತಂತ್ರಜ್ಞರನ್ನು ತೆಗೆದುಕೊಳ್ಳುತ್ತದೆಂದು ಗೊತ್ತಾಗಿ ನಾನೇ ಅವನನ್ನು ಕರೆದುಕೊಂಡು ಹೋದೆ. ಅವರು ವಿನಯದಿಂದಲೇ ಮಾತಾಡಿದರು. ತಾನು ಸ್ಥಾವರ ಕಟ್ಟಿದ್ದೇನೆಂದು ಅವನು ಹೇಳಿದ ಮನೆಗಳಿಗೆ ಫೋನ್ ಮಾಡಿ ವಿಚಾರಿಸಿದರು. ಎಲ್ಲರೂ ಲತೇಶನ ಹೆಸರನ್ನೇ ಹೇಳಿದರು. ಯಾರೂ ಸುಳ್ಳು ಹೇಳಿರಲಿಲ್ಲ, ಕೆಲಸ ಮಾತ್ರ ಸಿಗಲಿಲ್ಲ.

ಆಮೇಲೆ ಅವನಿಗೆ ಕರೆ ಬರತೊಡಗಿತು. ಗುಂಡಿ ಖಾಲಿ ಮಾಡಲಿಕ್ಕೆ, ಹೂಳೆತ್ತಲಿಕ್ಕೆ, ಗಟ್ಟಿಯಾದ ಸೆಗಣಿ ಒಡೆಯಲಿಕ್ಕೆ. ಅದಕ್ಕೆ ಕಾಲೊನಿಯವರನ್ನೇ ಕರೆಯಬೇಕೆಂದು ಎಲ್ಲರಿಗೂ ಗೊತ್ತಿತ್ತು. ಅವನು ತರಬೇತಿಗೆ ಹೋಗಿರದಿದ್ದರೂ ಈ ಕೆಲಸಕ್ಕೆ ಕರೆದೇ ಕರೆಯುತ್ತಿದ್ದರು. ಅವನ ಅಪ್ಪನೂ ಸಾಯುವವರೆಗೆ ಬೇರೆಯವರ ಹೊಂಡಗಳಿಗೇ ಇಳಿದವನು.

ಅಂಗಡಿಗೆ ಬಂದಾಗ ನೋಟ್‌ಬುಕ್ಕಿನ ಕಟ್ಟಿನ ಮೇಲೆ ಕೂತು, ಪೇಪರಿನಲ್ಲಿ ಏನುಂಟು ಎಂದು ಕೇಳುತ್ತಿದ್ದ. ಭೂಮಿ ಬಿಸಿಯಾಗುತ್ತಿದೆ, ಹೊಗೆ ಕಡಿಮೆ ಮಾಡುವ ಕೆಲಸಕ್ಕೆ ದೊಡ್ಡ ದೇಶಗಳು ದುಡ್ಡು ಕೊಡುತ್ತವಂತೆ ಎಂದು ಒಮ್ಮೆ ಓದಿ ಹೇಳಿದೆ. "ಹಾಗಾದ್ರೆ ನನಗೆ ಇನ್ನೂ ಚಾನ್ಸ್ ಉಂಟು" ಎಂದ. ತಮಾಷೆಗೆ ಹೇಳಿದನೋ ನಿಜಕ್ಕೂ ಹೇಳಿದನೋ ನನಗೆ ತಿಳಿಯಲಿಲ್ಲ.

2007ರ ಫೆಬ್ರವರಿಯಲ್ಲಿ ಹುಕ್ರಪ್ಪನಿಗೆ ಸ್ವರ್ಣಲತಕ್ಕನ ಮನೆಯಿಂದ ಕರೆ ಬಂತು. ಅವರು ಕಣ್ಣಿನ ಆಪರೇಶನ್ನಿಗೆಂದು ಮಂಗಳೂರಿನ ಮಗಳ ಮನೆಗೆ ಹೋಗಿದ್ದರು, ಮರುದಿನ ಬೆಳಿಗ್ಗೆ ಬರುವವರಿದ್ದರು. ಮನೆಯಲ್ಲಿದ್ದವರು ಸೊಸೆ ವಿಜೇತಾ, ಗಂಡ ದೋಹಾದಲ್ಲಿ. ಉರಿ ತೀರಾ ಸಣ್ಣದಾಗಿದೆ ಎಂದು ಆಕೆ ಹೇಳಿಕಳಿಸಿದ್ದಳು. ಮುಂದಿನದನ್ನೆಲ್ಲ ಆಕೆಯೇ ನನಗೆ ಹೇಳಿದ್ದು, ಅಳುತ್ತಾ.

ಹೊರಬರುವ ತೊಟ್ಟಿಯ ಬುಡದಲ್ಲಿ ಸೆಗಣಿ ಕಲ್ಲಾಗಿದೆ ಎಂದು ಹುಕ್ರಪ್ಪ ಕಂಡುಹಿಡಿದ. ಕಾಫಿ ಕೊಡುವಾಗ ಈ ಗುಮ್ಮಟ ಕಟ್ಟಿದ್ದು ಯಾರು ಎಂದು ವಿಜೇತಾ ಕೇಳಿದಳು. ತಾನೇ ಎಂದ. ಹಾಗಾದರೆ ಕೆಲಸ ಮುಗಿದ ಮೇಲೆ ಒಳಗೆ ಬಂದು ಒಲೆ ನೀವೇ ಹಚ್ಚಿ ನೋಡಿ ಎಂದಳು. ಅತ್ತೆಗೆ ಏನೆನ್ನುವುದು ಎಂದು ಅವನು ಕೇಳಿದನಂತೆ. "ಅತ್ತೆ ಬರುದು ನಾಳೆ ಅಲ್ವಾ?" ಎಂದಳಂತೆ.

ಅವನು ಮನೆಗೆ ಹೋಗಿ ಒಗೆದ ಅಂಗಿಯೊಂದನ್ನು ತಂದು ಹಿತ್ತಿಲಿನ ಹಗ್ಗದ ಮೇಲೆ ಹಾಕಿದ. ಕೆಲಸ ಮುಗಿಸಿ ಮಿಂದು ಹಾಕಿಕೊಳ್ಳಲಿಕ್ಕೆ.

ತೊಟ್ಟಿಗೆ ಇಳಿಯುವ ಮೊದಲು ಒಲೆಯ ಕೊಳಾಯಿ ತೆರೆದು ಗುಮ್ಮಟದ ಗ್ಯಾಸನ್ನೆಲ್ಲ ಹೊರಬಿಡಬೇಕು. ತೊಟ್ಟಿಯ ಮೇಲಿನ ಹಾಸುಕಲ್ಲು ಸರಿಸಿ ಒಂದು ದಿನ ಗಾಳಿಯಾಡಲು ಬಿಡಬೇಕು. ನಮಗೆ ಕಲಿಸಿದ್ದರಲ್ಲಿ ಇದೇ ಮುಖ್ಯ ಪಾಠ. ಇದನ್ನು ಮರೆತವರಿಗೆ ಹುಕ್ರಪ್ಪನೇ ಬೈಯುತ್ತಿದ್ದ. ಆದರೆ ಹೊರಬಿಟ್ಟ ಗ್ಯಾಸು ಮತ್ತೆ ತುಂಬಲು ಎರಡು ದಿನ ಬೇಕು. ಅಷ್ಟರಲ್ಲಿ ಸ್ವರ್ಣಲತಕ್ಕ ಬಂದಿರುತ್ತಾರೆ.

"ಈಗ ಬಿಟ್ರೆ ಇವತ್ತು ಒಲೆ ಉರಿಯುದಿಲ್ಲಕ್ಕ" ಎಂದು ಅವನು ವಿಜೇತಾಳಿಗೆ ಹೇಳಿದ. "ಇರ್ಲಿ, ಹೀಗೇ ಬಿಡಿಸ್ತೇನೆ."

ಅದರ ಅರ್ಥ ಆಕೆಗೆ ಗೊತ್ತಾಗುವಂಥದ್ದಲ್ಲ. ಅವನು ಮೇಲೆ ನಿಂತು ಬಿದಿರಿನ ಕೋಲಿನಿಂದ ತುಂಬ ಹೊತ್ತು ಕುತ್ತಿದ. ಒಡೆಯಲಿಲ್ಲ. ಕೊನೆಗೆ ಕೋಲು ಹಿಡಿದು ಇಳಿದ. ಒಡೆದಾಗ ಗುಮ್ಮಟದಲ್ಲಿದ್ದ ಗ್ಯಾಸು ಅವನಿದ್ದ ಕಡೆಗೇ ನುಗ್ಗಿತು. ಕುತ್ತುವ ಸದ್ದು ನಿಂತದ್ದನ್ನು ಕೇಳಿ ವಿಜೇತಾ ಹೊರಗೆ ಬಂದಳು, ಕೂಗಿದಳು. ಪಕ್ಕದ ಮನೆಯ ಸಂಕಪ್ಪ ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿ ಹಗ್ಗದ ಕುಣಿಕೆ ಇಳಿಸಿ ಅವನನ್ನು ಮೇಲಕ್ಕೆ ಎಳೆದುಹಾಕಿದ. ಬೆಳ್ತಂಗಡಿಯ ಆಸ್ಪತ್ರೆ ಸೇರುವ ಮೊದಲೇ ಜೀವ ಹೋಗಿತ್ತು.

ಗೋಬರ್ ಗುಂಡಿ ಶುಚಿಗೊಳಿಸುತ್ತಿದ್ದ ಕೂಲಿಕಾರ್ಮಿಕ ಸಾವು ಎಂದು ಪತ್ರಿಕೆಯಲ್ಲಿ ಬಂತು. ಅವನು ತರಬೇತಿ ಪಡೆದ ಕುಶಲಕರ್ಮಿ, ಆ ಸ್ಥಾವರವನ್ನು ಕಟ್ಟಿದವನೇ ಅವನು ಎಂದು ನಾನು ಬರೆದು ಕಳಿಸಿದೆ. ಅಚ್ಚಾಗಲಿಲ್ಲ. ಅಷ್ಟರಲ್ಲಿ ನಿವೃತ್ತರಾಗಿದ್ದ ನಿರ್ದೇಶಕರು ಕಾಲೊನಿಗೆ ಬಂದು, ಕಲಿತವನೇ ಹೀಗೆ ಮಾಡಿದರೆ ಏನು ಹೇಳುವುದು ಎಂದು ತಲೆ ಆಡಿಸಿದರು. ಅವರಿಗೆ ಕಾರಣ ಹೇಳಬೇಕೆಂದು ನನಗೆ ಅನ್ನಿಸಲಿಲ್ಲ. ಸ್ವರ್ಣಲತಕ್ಕ ಒಂದು ಮುಡಿ ಅಕ್ಕಿ ಕಳಿಸಿದರು. ಅವರು ನಿಜವಾಗಿಯೂ ಅತ್ತಿದ್ದರು ಎಂದು ಕೇಳಿದ್ದೇನೆ. ಆ ತಿಂಗಳೇ ಸಿಲಿಂಡರು ತರಿಸಿ, ಗುಮ್ಮಟ ಒಡೆಸಿ ಮಣ್ಣು ಮುಚ್ಚಿಸಿದರು.

ವಿನೋದಾ ನನ್ನೊಡನೆ ಮಾತಾಡಿದ್ದು ಕಾರ್ಯವೆಲ್ಲ ಮುಗಿದ ಮೇಲೆ. ಅಂಗಿಗೆಂದು ಮನೆಗೆ ಬಂದಾಗ ಅವನು ಅವಳಿಗೆ ಎಲ್ಲ ಹೇಳಿ ಹೋಗಿದ್ದ. ಜನ ಹೋಗುವವರೆಗೆ ಕಾದು, ಅವಳು ಹತ್ತಿರ ಬಂದು ಕೇಳಿದಳು:

"ಹೀಗಾದ್ದು ಒಲೆ ಹಚ್ಚಿದ ಮೇಲಾ, ಮೊದಲಾ?"

ಮೊದಲು ಎಂದೆ.