ಹನ್ನೆರಡು ಕಟಕ್

ಆ ವರ್ಕ್‌ಶಾಪಿನ ಮುಂಭಾಗದಲ್ಲಿ ಗಾಜಿನ ಬಾಗಿಲು, ತಿರುಗುವ ಕುರ್ಚಿ, ತಮ್ಮ. ಹಿಂಭಾಗದಲ್ಲಿ ಮರದ ಪುಡಿ, ಬೆಸುಗೆಯ ಹೊಗೆ, ಅಕ್ಕ. ಹಳೇ ಕಾಲದ ವಿಡಿಯೋ ಗೇಮ್ ಮೆಷಿನ್ನನ್ನು ಮನೆಯಲ್ಲೇ ಇಟ್ಟುಕೊಳ್ಳುವ ಶೋಕಿಯವರಿಗೆ ಇವರು ಹೊಸದಾಗಿ ಪೆಟ್ಟಿಗೆ ಕಟ್ಟಿ ಕೊಡುತ್ತಾರೆ. ಕಟ್ಟುವವಳು ಅಕ್ಕ, ಕೊಡುವವನು ತಮ್ಮ. ಐವತ್ತೆಂಟು ದಾಟಿದ ಆಕೆಯನ್ನು ಮರ ತರುವ ಲಾರಿಯವನಿಂದ ಹಿಡಿದು ಪಕ್ಕದ ಅಂಗಡಿಯ ಮುದುಕನವರೆಗೆ ಎಲ್ಲರೂ ಅಕ್ಕ ಎಂದೇ ಕರೆಯುತ್ತಾರೆ. ಹೆಸರು ಕೇಳಿದರೆ ಯಾರಿಗೂ ಗೊತ್ತಿಲ್ಲ.

ಆಕೆಯ ಕೈ ಪಳಗಿದ್ದು ತಿರುಗುವ ಸ್ಟಿಕ್ಕಿನಲ್ಲಿ. ಮಾಮೂಲಿ ಸ್ಟಿಕ್ಕನ್ನು ಅತ್ತಿತ್ತ ದೂಡಬಹುದು, ಅಷ್ಟೆ. ಇದರ ತಲೆಯನ್ನು ತಿರುವಲೂ ಬಹುದು. ದೂಡಿದರೆ ಪರದೆಯ ಮೇಲಿನ ಸಿಪಾಯಿ ಓಡುತ್ತಾನೆ, ತಿರುವಿದರೆ ಅವನ ಬಂದೂಕು ತಿರುಗುತ್ತದೆ. ಮುಂದಕ್ಕೆ ಓಡುತ್ತಲೇ ಹಿಂದಿನವನಿಗೆ ಗುಂಡು ಹೊಡೆಯಬಹುದು. ಒಂದು ಸುತ್ತಿಗೆ ಹನ್ನೆರಡು ಕಟಕ್, ಗಡಿಯಾರದ ಅಂಕಿಗಳ ಹಾಗೆ. ಕಟಕ್ಕಿಗೊಂದರಂತೆ ಹನ್ನೆರಡು ತಂತಿ. ಅದರಲ್ಲಿ ಎರಡು ತಂತಿ ಅದಲುಬದಲಾದರೆ ಸಾಕು, ಬಂದೂಕು ಮೂರರಿಂದ ಐದಕ್ಕೆ ಹಾರಿ ಸಿಪಾಯಿ ಸತ್ತ. ಅಕ್ಕ ಈ ತಂತಿಗಳನ್ನು ಬೆಸೆದು, ಸ್ಪ್ರಿಂಗ್ ಬಿಗಿಮಾಡಿ, ಕಣ್ಣು ಮುಚ್ಚಿ ಹನ್ನೆರಡೂ ಕಟಕ್ ಬೆರಳಲ್ಲೇ ಎಣಿಸುತ್ತಾಳೆ. ಒಂದು ಮೆತ್ತಗೆ ಕೇಳಿಸಿದರೂ ಮತ್ತೆ ಪೂರ್ತಿ ಬಿಚ್ಚುತ್ತಾಳೆ. ಕೊನೆಗೆ ಕೆಲಸದ ಚೀಟಿ ಬರೆಯುತ್ತಾಳೆ: ದೋಷ ಏನಿತ್ತು, ಏನು ಮಾಡಿದೆ. ಒಂದು ಪ್ರತಿ ಫೈಲಿಗೆ, ಒಂದು ಗಿರಾಕಿಗೆ. ಸಹಿಯ ಜಾಗದಲ್ಲಿ ಮಾತ್ರ ತಮ್ಮನ ರಬ್ಬರ್ ಸ್ಟಾಂಪು.

ತಮ್ಮನ ಕುರ್ಚಿಯ ಹಿಂದೆ ಗೋಡೆಯಲ್ಲಿ ಒಂದು ಹಳೇ ಬೋರ್ಡು. ಬಣ್ಣದಲ್ಲಿ ಬರೆದದ್ದು: ಅತಿ ಹೆಚ್ಚು ಅಂಕ, ಎಂಟು ಲಕ್ಷದ ನಲವತ್ತು ಸಾವಿರ. ಕೆಳಗೆ ತಮ್ಮನ ಹೆಸರು. ಇಡೀ ವ್ಯಾಪಾರ ನಿಂತಿರುವುದು ಆ ಬೋರ್ಡಿನ ಮೇಲೆ. ಬರುವ ಗಿರಾಕಿಗಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಅಂಕ ಗಳಿಸಿದ್ದು ಮಾತ್ರ ಅಕ್ಕ.

ಬಸ್ ನಿಲ್ದಾಣದ ಎದುರು ಅಪ್ಪನ ಗೇಮ್ ಅಂಗಡಿ ಇದ್ದ ಕಾಲ ಅದು. ಆಗ ಆಕೆಗೆ ಹದಿನೇಳು. ಹುಡುಗರು ತುಂಬಿರುವಾಗ ಒಳಗೆ ಕಾಲಿಡುವಂತಿರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಷಟರ್ ಎಳೆದ ಮೇಲೆ ಬಂದು, ಕೆಟ್ಟ ಸ್ಟಿಕ್ಕುಗಳನ್ನು ಸರಿಮಾಡಿ ಹೋಗಬೇಕು. ಒಂದು ದಿನ ಹೊಸ ಸ್ಪ್ರಿಂಗ್ ಹಾಕಿ, ನೋಡೋಣ ಅಂತ ಆಡಲು ನಿಂತವಳು ಷಟರ್ ತೆರೆಯುವ ಹೊತ್ತಾದರೂ ಸಾಯಲಿಲ್ಲ. ಆಟ ಮುಗಿದಾಗ ಮೆಷಿನ್ ಹೆಸರಿನ ಮೂರು ಅಕ್ಷರ ಕೇಳಿತು. ಪಕ್ಕದಲ್ಲಿದ್ದ ತಮ್ಮ ತಮಾಷೆಗೆ ತನ್ನ ಮೂರು ಅಕ್ಷರ ತಿರುವಿ ಒತ್ತಿಬಿಟ್ಟ. ಪ್ಲಗ್ ಕಿತ್ತರೆ ಎಲ್ಲ ಮರೆಯುವ ಮೆಷಿನ್ ಅದು. ಮರೆಯುವ ಮುಂಚೆ ಅಪ್ಪ ಬೋರ್ಡು ಬರೆಸಿದ. ಆಡಿದ್ದು ಯಾರೆಂದು ಅಪ್ಪನಿಗೆ ಚೆನ್ನಾಗಿ ಗೊತ್ತಿತ್ತು.

"ನಿನ್ನ ಹೆಸರು ಹಾಕಿದ್ರೆ ಹುಡುಗ್ರು ಆಟ ನೋಡೋಕೆ ಬರಲ್ಲಮ್ಮ, ನಿನ್ನನ್ನ ನೋಡೋಕೆ ಬರ್ತಾರೆ" ಎಂದಿದ್ದ.

ಅಪ್ಪನ ಮಾತಲ್ಲವೇ, ಆಕೆ ಹೊಟ್ಟೆಗೆ ಹಾಕಿಕೊಂಡಳು. ತಮ್ಮ ಒಂದು ವಾರ ನಾಚಿಕೆಯಿಂದ ಬೋರ್ಡಿನ ಕಡೆ ತಲೆ ಎತ್ತಲಿಲ್ಲ. ಎರಡನೇ ವಾರಕ್ಕೆ ಅವನ ನಡಿಗೆಯೇ ಬದಲಾಗಿತ್ತು! ಈಗಂತೂ ತಾನೇ ಆಡಿದ್ದು ಎಂದು ಅವನು ನಂಬಿದ್ದಾನೋ ಏನೋ, ದೇವರೇ ಬಲ್ಲ.

ಈಚೆಗೆ ಒಬ್ಬ ಹಲ್ಲಿನ ಡಾಕ್ಟರು ಬಂದರು. ಹುಡುಗನಾಗಿದ್ದಾಗ ಅಪ್ಪನ ಅಂಗಡಿಗೆ ಬರುತ್ತಿದ್ದವರು. ಬೋರ್ಡು ನೋಡಿ ಕಣ್ಣಲ್ಲಿ ನೀರು ತಂದುಕೊಂಡರು. ತಮ್ಮನಿಗೆ ಕೈ ಮುಗಿಯುವುದೊಂದೇ ಬಾಕಿ.

"ಅದೇ ಆಟಕ್ಕೆ ಮೆಷಿನ್ ಬೇಕು ಸಾರ್. ಸ್ಟಿಕ್ ಯಾವುದು ಹಾಕಿಸ್ಲಿ? ಇಂಟರ್ನೆಟ್ಟಲ್ಲಿ ಎರಡು ಥರ ಇದೆ. ಒಂದು ಕಟಕಟ ಅನ್ನೋದು, ಇನ್ನೊಂದು ನಯವಾಗಿ ತಿರುಗೋದು."

ತಮ್ಮ ಕಣ್ಣು ಮಿಟುಕಿಸದೆ ಹೇಳಿದ: "ನಯವಾದದ್ದೇ ಹಾಕ್ಸಿ ಡಾಕ್ಟ್ರೇ. ನಮ್ಮಂಥ ಆಟಗಾರರಿಗೆ ಕಟಕಟ ಎಲ್ಲ ಅಡ್ಡಿ."

ಹಿಂದೆ ಕೂತಿದ್ದ ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಅಯ್ಯೋ ಮಂಕೇ! ಆ ಆಟದಲ್ಲಿ ಬಂದೂಕು ಇರುವುದೇ ಹನ್ನೆರಡು ದಿಕ್ಕಿಗೆ. ನಯವಾದ ಸ್ಟಿಕ್ಕಿನಲ್ಲಿ ಎಷ್ಟು ತಿರುವಿದೆ ಎಂದು ಬೆರಳಿಗೆ ತಿಳಿಯುವುದಿಲ್ಲ, ಪ್ರತಿ ಗುಂಡಿಗೂ ಪರದೆ ನೋಡಿ ತಡಕಾಡಬೇಕು. ಒಂದೇ ಒಂದು ಸಲ ನಿಜವಾಗಿ ಆಡಿದವನು ಈ ಮಾತು ಆಡುವುದಿಲ್ಲ. ಕದ್ದ ಮಾಲು ಏನೆಂದಾದರೂ ಕಳ್ಳನಿಗೆ ಗೊತ್ತಿರಬೇಡವೇ? ಡಾಕ್ಟರು ಮಾತ್ರ ಭಕ್ತಿಯಿಂದ ತಲೆಯಾಡಿಸುತ್ತಿದ್ದರು.

ಅವರು ಹೋದ ಮೇಲೆ ಅಕ್ಕ ಹೇಳಿದಳು: "ಕಟಕ್ ಇರೋದೇ ಹಾಕ್ತೀನಿ. ನಿನ್ನ ಮಾನ ಉಳೀಬೇಕಲ್ಲ."

"ನಿನ್ನಿಷ್ಟ ಅಕ್ಕ. ಇನ್ನೊಂದು ಕೆಲಸ ಆಗ್ಬೇಕು. ಅವ್ರಿಗೆ ನಾನು ಆಡೋ ವಿಡಿಯೋ ಬೇಕಂತೆ. ಮುಖ ನಂದು ಬೇರೆ ತೆಗೀತೀನಿ. ಕೈ ಮಾತ್ರ ನಿಂದಿರಲಿ."

ಅಕ್ಕ ಬೆಸುಗೆ ಕಡ್ಡಿಯನ್ನು ಸ್ಟ್ಯಾಂಡಿಗೆ ಇಟ್ಟಳು. ನಲವತ್ತು ವರ್ಷದಲ್ಲಿ ಆಕೆ ತನಗೆಂದು ಏನಾದರೂ ಕೇಳಿದ್ದು ಅದೇ ಮೊದಲು.

"ಬೋರ್ಡು ಹಾಗೇ ಇರ್ಲಿ, ವ್ಯಾಪಾರಕ್ಕೆ ಬೇಕು, ನಂಗೊತ್ತು. ಆದ್ರೆ ಒಬ್ಬರ ಮುಂದೆ, ಒಂದೇ ಸಲ, ಆಡಿದ್ದು ನಮ್ಮಕ್ಕ ಅಂತ ಬಾಯಿಬಿಟ್ಟು ಹೇಳ್ತೀಯೇನೋ?"

ಅವನು ಫೋನನ್ನು ಕೈಯಲ್ಲಿ ತಿರುಗಿಸಿದ. ಆಮೇಲೆ, "ಡಾಕ್ಟರ ಮನೇಲಿ ಮೆಷಿನ್ ಇಳಿಸೋ ದಿನ ಹೇಳ್ತೀನಿ. ನಿನ್ನಾಣೆ" ಎಂದ.

ಆಣೆ ಇಟ್ಟನಲ್ಲ, ಆಕೆ ಕರಗಿದಳು. ಡಾಕ್ಟರ ಮೆಷಿನ್ ಸಿದ್ಧವಾದ ದಿನ ಅದರ ಮುಂದೆ ನಿಂತು ಬಳೆ ತೆಗೆದಿಟ್ಟಳು. ತಮ್ಮನ ತುಂಬುತೋಳಿನ ಅಂಗಿ ತೊಟ್ಟು, ಮಣಿಕಟ್ಟಿನವರೆಗೆ ಗುಂಡಿ ಹಾಕಿಕೊಂಡಳು. ಅಂಗಿಗೆ ಅವನ ಸೆಂಟಿನ ವಾಸನೆ ಇತ್ತು. ಅವನು ಭುಜದ ಮೇಲಿಂದ ಫೋನ್ ಹಿಡಿದ. ಬೆರಳು ಏನನ್ನೂ ಮರೆತಿರಲಿಲ್ಲ. ಓಡುತ್ತಾ ಆರು ಕಟಕ್, ಹಿಂದಿನವನು ಬಿದ್ದ. ಎರಡು ಕಟಕ್, ಬಂಡೆಯ ಮರೆಯವನು ಬಿದ್ದ. ಒಂಬತ್ತು ಲಕ್ಷ ದಾಟಿತು. ಆಕೆಗೆ ನಗು ಬಂತು, ಅಷ್ಟು ಖುಷಿ. ಕೊನೆಗೆ ಪರದೆ ಮೂರು ಅಕ್ಷರ ಕೇಳಿದಾಗ ಆಕೆ ಯೋಚಿಸಲೇ ಇಲ್ಲ, ತನ್ನದೇ ತಿರುವಿದಳು.

"ಪರವಾಗಿಲ್ಲ, ಬೋರ್ಡಿನ ಅಂಕ ದಾಟೋ ಮುಂಚೆನೇ ಕಟ್ ಮಾಡ್ತೀನಿ" ಎಂದ ತಮ್ಮ.

ಮೆಷಿನ್ ಇಳಿಸುವ ದಿನ ಅಕ್ಕ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಹೊರಟಳು. ಡಾಕ್ಟರ ಮನೆಯ ನಡುಕೋಣೆಯಲ್ಲಿ ಪೆಟ್ಟಿಗೆ ನಿಂತಿತು. ಪ್ಲಗ್ ಹಾಕಿದರು. ಹಳೇದರ ಹಾಗಲ್ಲ, ಒಳಗಿರುವುದು ಕಂಪ್ಯೂಟರು, ಯಾವುದನ್ನೂ ಮರೆಯುವುದಿಲ್ಲ. ಅಂಕಗಳ ಪಟ್ಟಿಯ ಮೇಲ್ತುದಿಯಲ್ಲಿ ಆಕೆಯ ಮೂರು ಅಕ್ಷರ ಹೊಳೆಯಿತು.

"ಒಂಬತ್ತು ಲಕ್ಷ!" ಡಾಕ್ಟರು ಬಾಯಿ ಬಿಟ್ಟರು. "ಇದ್ಯಾರು ಸಾರ್? ನಿಮ್ಮನ್ನೇ ಮೀರಿಸಿದ್ದಾರಲ್ಲ!"

ಅಕ್ಕ ತಮ್ಮನ ಮುಖ ನೋಡಿದಳು. ಹೇಳೋ, ಹೇಳಿಬಿಡೋ. ಆಣೆ ಇಟ್ಟಿದ್ದೀಯಲ್ಲೋ.

ತಮ್ಮ ಪೆಟ್ಟಿಗೆಯ ಅಂಚಿನ ಧೂಳನ್ನು ಬೆರಳಲ್ಲಿ ಒರೆಸಿದ. "ಓ ಅದಾ? ನಮ್ಮಕ್ಕ ವೈರಿಂಗ್ ಟೆಸ್ಟ್ ಮಾಡುವಾಗ ಸುಮ್ನೆ ಹಾಕಿದ ನಂಬರು. ಆಟ ಗೀಟ ಏನಿಲ್ಲ. ಅಕ್ಕ, ಅಳಿಸಿಬಿಡು."

ಆಕೆ ಮೆಷಿನ್ನಿನ ಮುಂದೆ ಬಂದು ನಿಂತಳು. ಸೆಟ್ಟಿಂಗ್ ತೆಗೆದಳು. ಅಳಿಸಬೇಕೇ, ಬೇಡವೇ ಎಂದು ಪರದೆ ಕೇಳಿತು. ಬೇಡ ಎಂಬುದರಿಂದ ಬೇಕು ಎಂಬಲ್ಲಿಗೆ ಒಂದು ಕಟಕ್. ತಿರುವಿ, ಒತ್ತಿದಳು. ಪಟ್ಟಿ ಖಾಲಿಯಾಯಿತು.

"ಖಾಲಿ ಆಯ್ತು ಡಾಕ್ಟ್ರೇ" ಎಂದಳು. "ಇನ್ನು ಮೊದಲನೇ ಆಟ ಚಾಂಪಿಯನ್ನೇ ಆಡ್ಲಿ."

ಡಾಕ್ಟರು ಚಪ್ಪಾಳೆ ತಟ್ಟಿ ಬಲವಂತ ಮಾಡಿದರು. ತಮ್ಮ ಮಣಿಕಟ್ಟು ನೋವೆಂದ, ಹೊತ್ತಾಯಿತೆಂದ, ಯಾವುದೂ ನಡೆಯಲಿಲ್ಲ. ಅಕ್ಕ ಟೂಲ್ಸ್ ಚೀಲದ ಜಿಪ್ ಎಳೆಯುತ್ತಿದ್ದಾಗ ಬೆನ್ನ ಹಿಂದೆ ಕಟಕಟಕಟ ಎಂದು ಗೊತ್ತುಗುರಿಯಿಲ್ಲದೆ ತಿರುವುವ ಸದ್ದು ಕೇಳಿತು. ಸಿಪಾಯಿ ಸತ್ತ. ಮತ್ತೆ ಸತ್ತ. ಮೂರನೆಯ ಸಲವೂ ಸತ್ತ.

"ಸ್ಟಿಕ್ ಸರಿ ಇಲ್ಲ ಡಾಕ್ಟ್ರೇ" ಎಂದ ತಮ್ಮ. "ನಾನು ನಯವಾದದ್ದೇ ಹೇಳಿದ್ದೆ, ನೆನಪಿದೆಯಲ್ಲ? ಅಕ್ಕಂಗೆ ವಯಸ್ಸಾಯ್ತು, ಕಣ್ಣು ಕಾಣಲ್ಲ. ತಂತಿ ಅದಲುಬದಲು ಮಾಡಿದ್ದಾಳೆ."

"ಪಾಪ, ಬಯ್ಯಬೇಡಿ ಸಾರ್" ಎಂದರು ಡಾಕ್ಟರು.

ಪಾಪ! ಆ ಒಂದು ಮಾತು ಆಕೆಗೆ ಉಳಿದೆಲ್ಲದಕ್ಕಿಂತ ಹೆಚ್ಚು ಚುಚ್ಚಿತು.

ಮಾರನೇ ದಿನ ಬೆಳಿಗ್ಗೆ, ಡಾಕ್ಟರ ಮೆಷಿನ್ನಿನಿಂದ ಬಿಚ್ಚಿ ತಂದ ಸ್ಟಿಕ್ಕು ಆಕೆಯ ಮೇಜಿನ ಮೇಲಿತ್ತು. ಜೊತೆಗೆ ಚೀಟಿ, ತಮ್ಮನ ಅಕ್ಷರದಲ್ಲಿ: ಬಂದೂಕು ಹಾರುತ್ತಿದೆ, ಸರಿಪಡಿಸಿ ಇವತ್ತೇ ಕಳಿಸುವುದು. ಅವನು ಮುಂದುಗಡೆ ಫೋನಿನಲ್ಲಿ ಯಾರಿಗೋ ಬೋರ್ಡಿನ ಕಥೆ ಹೇಳುತ್ತಿದ್ದ. ಅಕ್ಕ ಸ್ಟಿಕ್ಕು ಕೈಗೆತ್ತಿಕೊಂಡು ಕಣ್ಣು ಮುಚ್ಚಿ ತಿರುವಿದಳು. ಹನ್ನೆರಡೂ ಇದ್ದವು, ಒಂದೂ ಮೆತ್ತಗಿರಲಿಲ್ಲ. ತಂತಿಗಳನ್ನು ಒಂದೊಂದಾಗಿ ಮೀಟರಿಟ್ಟು ನೋಡಿದಳು. ಅವೂ ಸರಿಯಾಗಿದ್ದವು.

ಆಕೆ ಹೊಸ ಚೀಟಿಯನ್ನು ಎಳೆದುಕೊಂಡಳು. ಏನು ಮಾಡಿದೆ ಎಂಬಲ್ಲಿ "ಏನೂ ಮಾಡಿಲ್ಲ, ಮಾಡುವಂಥದ್ದೂ ಇಲ್ಲ" ಎಂದು ಬರೆದಳು. ದೋಷ ಏನಿತ್ತು ಎಂಬಲ್ಲಿ "ಸ್ಟಿಕ್ಕಿನಲ್ಲಿ ಇಲ್ಲ, ಆಡಿದವನ ಕೈಯಲ್ಲಿ" ಎಂದು ಬರೆದಳು. ರಬ್ಬರ್ ಸ್ಟಾಂಪನ್ನು ಡ್ರಾಯರಿಗೆ ತಳ್ಳಿ, ಸಹಿಯ ಜಾಗದಲ್ಲಿ ತನ್ನ ಪೂರ್ತಿ ಹೆಸರು ಬರೆದಳು. ನಲವತ್ತು ವರ್ಷದಿಂದ ಆ ಜಾಗದಲ್ಲಿ ಬರೆದು ಅಭ್ಯಾಸವಿಲ್ಲದ್ದರಿಂದ ಕೊನೆಯ ಅಕ್ಷರ ಗೆರೆಯಿಂದ ಆಚೆ ಹೋಯಿತು. ಗಿರಾಕಿಯ ಪ್ರತಿಯನ್ನು ಸ್ಟಿಕ್ಕಿಗೆ ಸುತ್ತಿ ಡಬ್ಬಕ್ಕೆ ಹಾಕಿ, ಟೇಪು ಹಚ್ಚಿ, ಹಿಂಬಾಗಿಲಿಗೆ ಬಂದ ಕೊರಿಯರ್‌ನವನ ಕೈಗೆ ತಾನೇ ಕೊಟ್ಟಳು.