ಒಲೆಯ ಪಕ್ಕದ ಉಪ್ಪುನೀರು

ನಾನು ಕಡಲನ್ನು ಮೊದಲು ನೋಡಿದ್ದು ತಲೆ ನರೆತ ಮೇಲೆ. ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋಗಿ, ಮೊಮ್ಮಕ್ಕಳ ಕೈ ಹಿಡಿದು ಮರಳಿನ ಮೇಲೆ ನಿಂತಾಗ ಮೂಗಿಗೆ ಬಡಿದ ಆ ಬೆಚ್ಚಗಿನ, ಉಪ್ಪುಪ್ಪಾದ, ತುಸು ಕೊಳೆತ ವಾಸನೆ ಕಡಲಿನದು ಎಂದು ನನಗೆ ಅನಿಸಲೇ ಇಲ್ಲ. ಅದು ನಮ್ಮ ಅಡುಗೆಮನೆಯ ವಾಸನೆ. ನಾಪೋಕ್ಲಿನ ಹತ್ತಿರದ ಕಾಫಿ ಎಸ್ಟೇಟಿನಲ್ಲಿ, ಕೂಲಿಯವರ ಲೈನುಮನೆಗಳಿಗಿಂತ ಸ್ವಲ್ಪ ಮೇಲೆ, ಬಿಳಿ ದೊರೆಯ ಬಂಗಲೆಗಿಂತ ಬಹಳ ಕೆಳಗೆ ಇದ್ದ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಮನೆ ಅದು. ಕಳೆದುಹೋದ ಮನೆಯನ್ನು ನೆನೆದರೆ ಕಣ್ಣು ತುಂಬುತ್ತದೆ ಎನ್ನುತ್ತಾರೆ. ನಿಮಗೂ ಅಂಥದೊಂದು ಮನೆ ಇದ್ದೀತು. ನನಗೆ ಮಾತ್ರ ಮೊದಲು ಬರುವುದು ಸಿಟ್ಟು. ಕಣ್ಣೀರು ಅದರ ಹಿಂದೆ, ನಿಧಾನವಾಗಿ ಬರುತ್ತದೆ.

ನಾವು ಉತ್ತರ ಕೊಡಗಿನ ಲಿಂಗವಂತರು. ಅಪ್ಪನಿಗೆ ರೈಟರ ಕೆಲಸ ಸಿಕ್ಕಿತೆಂದು ಈ ಕಡೆ ಬಂದವರು. ಸುತ್ತಲಿನ ಮನೆಗಳಲ್ಲೆಲ್ಲ ಬಾಡು ಬೇಯುತ್ತಿದ್ದುದರಿಂದ ಅಪ್ಪನ ತಾಯಿ, ನಮ್ಮಜ್ಜಿ, ಊರಿನಲ್ಲಿದ್ದುದಕ್ಕಿಂತಲೂ ಬಿಗಿಯಾಗಿದ್ದಳು. ಹಣೆಯ ವಿಭೂತಿ ಒಣಗುವ ಮೊದಲೇ ಅವಳ ಬೈಗುಳ ಶುರುವಾಗುತ್ತಿತ್ತು. ಅವಳಿಗೂ ಅವ್ವನಿಗೂ ಆಗುತ್ತಿರಲಿಲ್ಲ. ಯಾಕೆಂದು ಕೇಳಿದರೆ ಇಬ್ಬರೂ ಬೇರೆ ಬೇರೆ ಕಾರಣ ಹೇಳುತ್ತಿದ್ದರು. ಒಮ್ಮೆ ಬಿಟ್ಟರೆ ಅವರು ನೇರವಾಗಿ ಮಾತಾಡಿದ್ದನ್ನು ನಾನು ಕಂಡವಳಲ್ಲ. ಒಂದೇ ಒಲೆಯ ಆಚೆ ಈಚೆ ಕೂತು "ನಿಮ್ಮವ್ವಂಗೆ ಹೇಳು", "ನಿಮ್ಮಜ್ಜಿಗೆ ಹೇಳು" ಎಂದು ಎಲ್ಲವನ್ನೂ ನನ್ನ ಬಾಯಿಂದಲೇ ಹಾಯಿಸುತ್ತಿದ್ದರು. ಅಪ್ಪ ಇದನ್ನು ಕಂಡೂ ಕಾಣದವನಂತೆ ಉಂಡು ಎದ್ದುಹೋಗುತ್ತಿದ್ದ.

ಬಂಗಲೆಯ ದೊರೆಸಾನಿ ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕಿದ್ದಳು. ಅವು ಮರಿ ಹಾಕಿದವು. ಮರಿಗಳು ಪುಡಿ ಆಹಾರ ಮುಟ್ಟಲಿಲ್ಲ, ಅವಕ್ಕೆ ಜೀವವಿರುವ ತಿನಿಸೇ ಬೇಕಂತೆ. ಅದಕ್ಕಾಗಿ ಹಡಗಿನಲ್ಲಿ ಒಂದು ಸಣ್ಣ ಡಬ್ಬಿ ಬಂತು. ಅದರೊಳಗೆ ರಾಗಿತೌಡಿನಂಥ ಕಂದು ಪುಡಿ. ಪುಡಿಯಲ್ಲ, ಮೊಟ್ಟೆ, ಉಪ್ಪುನೀರಿಗೆ ಹಾಕಿ ಬೆಚ್ಚಗಿಟ್ಟರೆ ಸಿಗಡಿ ಹುಟ್ಟುತ್ತದೆ ಎಂದರು. ಬಂಗಲೆಯ ಥಂಡಿಯಲ್ಲಿ ಒಂದೂ ಹುಟ್ಟಲಿಲ್ಲ. ಹಗಲಿಡೀ ಒಲೆ ಉರಿಯುವ ಮನೆ ಯಾರದು ಎಂದು ದೊರೆಸಾನಿ ವಿಚಾರಿಸಿದಾಗ ಅಪ್ಪ, ಯಾರನ್ನೂ ಕೇಳದೆ, "ನಮ್ಮದು" ಎಂದುಬಿಟ್ಟ. ಅವಳ ಎರಡು ಗಾಜಿನ ಜಾಡಿಗಳನ್ನು ಹೊತ್ತು ಮನೆಗೆ ಬಂದಾಗ ಅವನ ಮುಖದಲ್ಲಿ ಬಡ್ತಿ ಸಿಕ್ಕವನ ಹಿಗ್ಗಿತ್ತು.

"ಲಿಂಗ ಕಟ್ಟಿದ ಮನೇಲಿ ಸಿಗಡಿ ಸಾಕ್ತಾಳಂತೆ. ನಿಮ್ಮವ್ವಂಗೆ ಹೇಳು ಮಗಾ, ಇವತ್ತಿಂದ ಅವಳು ಮುಟ್ಟಿದ ನೀರೂ ನಂಗೆ ಬ್ಯಾಡ," ಎಂದಳು ಅಜ್ಜಿ. ಅಂದೇ ಹಿತ್ತಲ ಜಗಲಿಯಲ್ಲಿ ಮೂರು ಕಲ್ಲು ಹೂಡಿ ಬೇರೆ ಬೇಯಿಸಿಕೊಳ್ಳತೊಡಗಿದಳು. ತಂದವನು ಮಗ, ಬೈಸಿಕೊಂಡವಳು ಸೊಸೆ. ಅವ್ವನಿಗೂ ಆ ಜಾಡಿ ಕಂಡರೆ ಮೊದಲು ಹೇಸಿಗೆಯೇ. ಮೂಗಿಗೆ ಸೆರಗು ಹಿಡಿದು ಕಲ್ಲುಪ್ಪು ಕರಗಿಸಿ, ಚಿಟಿಕೆ ಪುಡಿ ಉದುರಿಸಿ, ಒಲೆಯ ಪಕ್ಕದಲ್ಲಿಟ್ಟು ಕೈ ಉಜ್ಜಿ ಉಜ್ಜಿ ತೊಳೆದಳು. ಎರಡನೆಯ ದಿನ ಜಾಡಿಗೆ ಕಪ್ಪು ಕಂಬಳಿ ಹೊದಿಸಿ, ಒಂದು ಮೂಲೆಯನ್ನಷ್ಟೇ ಬಿಟ್ಟು, ಅಲ್ಲಿ ನನ್ನಿಂದ ಲಾಟೀನು ಹಿಡಿಸಿದಳು. ನೀರಿನ ಕತ್ತಲೆಯಿಂದ ಕೆಂಚುಬಣ್ಣದ ಧೂಳೊಂದು ಎದ್ದು, ನಡುಗುತ್ತಾ, ಬೆಳಕಿನ ಕಡೆಗೆ ಬಂತು. ಧೂಳಿನ ಪ್ರತಿ ಕಣವೂ ಕೈಕಾಲು ಬಡಿಯುತ್ತಿತ್ತು. ಅವ್ವ ಸೆರಗು ಬಿಟ್ಟು ಹತ್ತಿರ ಬಾಗಿದಳು. "ಅಯ್ಯೋ, ಜೀವ ಕಣೇ," ಎಂದಳು. ಅವಳ ದನಿ ನನ್ನೊಡನೆ ಮಾತಾಡುವಾಗಲೂ ಅಷ್ಟು ಮೆದುವಾದದ್ದನ್ನು ನಾನು ಕೇಳಿದ್ದಿಲ್ಲ.

ಆಮೇಲೆ ಅದೇ ಅವಳ ದಿನಚರಿಯಾಯಿತು. ಮೇಲೆ ತೇಲುವ ಮೊಟ್ಟೆಸಿಪ್ಪೆಯ ಹೊಟ್ಟನ್ನು ತೆಗೆದು, ಬೆಳಕಿಗೆ ಕೂಡಿದವನ್ನು ಹಳೆಯ ಪಂಚೆಯ ತುಂಡಿನಲ್ಲಿ ಸೋಸಿ, ಸೀನೀರಿನಲ್ಲಿ ತೊಳೆದು ಸೀಸೆಗೆ ತುಂಬುವಳು. ನಾನು ಬಂಗಲೆಗೆ ಒಯ್ಯುವೆ. ಹಿಂದಿನ ಮೆಟ್ಟಿಲಿನಿಂದ ಮೇಲೆ ನನ್ನನ್ನು ಹತ್ತಗೊಡುತ್ತಿರಲಿಲ್ಲ. ನಾವು ಸಾಕಿದ್ದನ್ನು ತಿಂದ ಮೀನುಗಳ ಬಣ್ಣ ಯಾವುದೆಂದು ನನಗೆ ಇಂದಿಗೂ ಗೊತ್ತಿಲ್ಲ. ದೊರೆಸಾನಿ ಸೀಸೆಯನ್ನು ಬೆಳಕಿಗೆ ಹಿಡಿದು ನೋಡುವಳು, ಆಮೇಲೆ ನನ್ನ ಕಾಲಿನ ಕೆಸರನ್ನು ನೋಡುವಳು.

ಒಂದು ಬೆಳಿಗ್ಗೆ ಅವಳೇ ನಮ್ಮ ಮನೆಗೆ ಬಂದಳು. ತೊಟ್ಟಿಯ ಮೀನೆಲ್ಲ ಸತ್ತಿದ್ದವು. ಬಂಗಲೆಯ ಬಟ್ಲರು ಸೀಸೆಗಟ್ಟಲೆ ಒಮ್ಮೆಗೇ ಸುರಿದು ನೀರು ಕೊಳೆತದ್ದೆಂದು ಆಮೇಲೆ ತಿಳಿಯಿತು. ಅವತ್ತು ಅದನ್ನು ಯಾರೂ ಕೇಳಲಿಲ್ಲ. ದೊರೆಸಾನಿ ಬೂಟುಗಾಲಿನಲ್ಲೇ ಅಡುಗೆಮನೆಗೆ ನುಗ್ಗಿ, ತನ್ನ ಅರೆಬರೆ ಕನ್ನಡದಲ್ಲಿ, "ಏನು ಹಾಕಿದೆ ನೀನು? ಏನು ಹಾಕಿದೆ?" ಎಂದು ಅವ್ವನ ಮುಖಕ್ಕೆ ಕೂಗಿ, ಎರಡೂ ಜಾಡಿಗಳನ್ನು ಒಲೆಗೆ ಬೋರಲು ಹಾಕಿದಳು. ಬೂದಿ ಎದ್ದಿತು; ಬೆಂದ ಉಪ್ಪಿನ ಹೊಗೆ ಮನೆ ತುಂಬಿತು. ಹಿಂದೆಯೇ ಓಡಿಬಂದ ಅಪ್ಪ ಕೈಮುಗಿದು, "ತಪ್ಪಾಯ್ತು ಅಮ್ಮಾವ್ರೆ, ಇವಳಿಗೆ ತಿಳಿವಳಿಕೆ ಇಲ್ಲ," ಎಂದ.

ಆಗ ಹಿತ್ತಲ ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. "ಏಯ್, ಈಚೆ ಬಾ! ಜೋಡು ಹಾಕ್ಕೊಂಡು ಒಲೆ ಹತ್ರ ಹೋಗ್ತೀಯಾ? ನಿನ್ನ ಮೀನು ಸತ್ರೆ ನಿನ್ನ ಮನೇಲಿ ಕೂತು ಅಳು ಹೋಗು!"

ದೊರೆಸಾನಿಗೆ ಎಷ್ಟು ಅರ್ಥವಾಯಿತೋ, ಅವಳು ಜಾಡಿಗಳನ್ನೂ ಬಿಟ್ಟು ಹೊರಟುಹೋದಳು. ಅಪ್ಪ ತಾಯಿಯ ಮೇಲೆ ತಿರುಗಿಬಿದ್ದ. ಅವ್ವ ಅವನನ್ನೇ ನೋಡುತ್ತಿದ್ದಳು. "ತರೋವಾಗ ನನ್ನ ಕೇಳಿದ್ರಾ? ಈಗ ಕೈ ಮುಗಿಯೋವಾಗಾದ್ರೂ ಕೇಳಿದ್ರಾ?" ಎಂದಳು. ಅಜ್ಜಿ ಅವ್ವನ ಕಡೆಗೆ ಕಣ್ಣೂ ಹಾಯಿಸದೆ ನನಗೆ ಹೇಳಿದಳು: "ನಿಮ್ಮವ್ವಂಗೆ ಹೇಳು, ನಾನು ಕೂಗಿದ್ದು ಒಲೆಗೋಸ್ಕರ. ಅವಳಿಗೋಸ್ಕರ ಅಲ್ಲ."

ಆ ವಾರವೇ ಅಪ್ಪನ ಕೆಲಸ ಹೋಯಿತು. ಹೊಸ ರೈಟರು ಬರುವವರೆಗೆ ಇರಬಹುದೆಂದರು. ಅವ್ವ ಒಂದು ಕುಡಿಕೆಯಲ್ಲಿ ಮಿಕ್ಕಿಸಿಟ್ಟಿದ್ದ ಕೆಲವು ಸಿಗಡಿಗಳು ಉಳಿದಿದ್ದವು. ಈಗ ಅವನ್ನು ತಿನ್ನಲು ಯಾವ ಮೀನೂ ಇರಲಿಲ್ಲ. ಅವಳು ಉಗುರಿನ ತುದಿಯಷ್ಟು ಅಕ್ಕಿತೌಡು ಹಾಕಿ ಸಾಕಿದಳು. ಅವು ಬೆಳೆದವು. ಬೆನ್ನು ಕೆಳಗೆ, ಕಾಲು ಮೇಲೆ ಮಾಡಿಕೊಂಡು, ಗರಿಯಂಥ ಕಾಲುಗಳನ್ನು ಅಲೆಯಾಗಿ ಆಡಿಸುತ್ತಾ ಈಜಿದವು. ಒಂದು ಮಧ್ಯಾಹ್ನ ಅಜ್ಜಿ ಹೊಸ್ತಿಲಾಚೆ ನಿಂತು, ನನ್ನನ್ನು ಕರೆಯದೆಯೇ ಕೇಳಿದಳು.

"ಇನ್ನೂ ಬದುಕಿದಾವಾ?"

"ಇದಾವೆ," ಎಂದಳು ಅವ್ವ.

"ಏನ್ ತಿಂತಾವೆ?"

"ತೌಡು."

"ಹ್ಞೂಂ," ಎಂದು ಅಜ್ಜಿ ಹೋದಳು. ಅವರಿಬ್ಬರು ಆಡಿದ್ದನ್ನು ನಾನು ಕೇಳಿದ ನೇರ ಮಾತು ಅಷ್ಟೇ. ಆಟಿ ತಿಂಗಳ ಮಳೆಯ ಥಂಡಿ ಹಿಡಿದಾಗ ಕುಡಿಕೆಯಲ್ಲಿ ಅಲುಗಾಟ ನಿಂತಿತು. ಅವ್ವ ಅದನ್ನು ಕಾಫಿಗಿಡದ ಬುಡಕ್ಕೆ ಚೆಲ್ಲಲಿಲ್ಲ. ತೋಡಿನವರೆಗೆ ನಡೆದುಹೋಗಿ ಹರಿಯುವ ನೀರಿಗೆ ಬಿಟ್ಟುಬಂದಳು.

ಪೊನ್ನಂಪೇಟೆಯ ಕಡೆ ಅಪ್ಪನಿಗೆ ಇನ್ನೊಂದು ಕೆಲಸ ಸಿಕ್ಕಿತು. ಹೊರಡುವ ದಿನ ಅಜ್ಜಿ ಅವ್ವನ ಜೊತೆ ಗಾಡಿ ಹತ್ತಲು ಒಪ್ಪಲಿಲ್ಲ. ಎರಡು ಗಾಡಿ ಮಾಡಬೇಕಾಯಿತು. ಯಾವುದಕ್ಕೆ ಹತ್ತಿದರೂ ಇನ್ನೊಂದರಲ್ಲಿ ಕೂತವಳು ಮುನಿಯುತ್ತಾಳೆಂದು ನಾನು ಎರಡರ ನಡುವೆ ನಡೆದೆ. ರಸ್ತೆ ತಿರುಗುವಲ್ಲಿ ಮುಂದಿನ ಗಾಡಿಯಿಂದ ಅಜ್ಜಿ, ಹಿಂದಿನ ಗಾಡಿಯಿಂದ ಅವ್ವ, ಇಬ್ಬರೂ ಕತ್ತು ಹೊರಳಿಸಿ ಆ ಮನೆಯನ್ನು ನೋಡಿದರು. ಒಬ್ಬರನ್ನೊಬ್ಬರು ನೋಡಲಿಲ್ಲ. ಈಗ ಅಲ್ಲಿ ಮನೆಯಿಲ್ಲ, ಗಿಡ ಹಬ್ಬಿದೆ. ಗಾಡಿಯಲ್ಲಿದ್ದವರೂ ಇಲ್ಲ. ಇಬ್ಬರ ಮುಖವೂ ಒಟ್ಟಿಗೆ ಕಾಣುವಂತೆ ನಡೆದವಳು ನಾನೊಬ್ಬಳೇ ಉಳಿದಿದ್ದೇನೆ.